ಬ್ರೇಕಿನ ಗಾಳಿ ತೆಗೆಯಲು ಬೇಕಾದ ಸಾಮಾನುಗಳು

ಮನೆಯಲ್ಲಿ ಕಾರನ್ನಿಟ್ಟುಕೊಂಡಿರುವ ಗೃಹಸ್ಥರು ಅದರ ಹೊರಮೈಯನ್ನು ತೊಳೆದು ಒರಸುವುದರಲ್ಲಿ ತೋರಿಸುವ ಶ್ರದ್ಧೆಯನ್ನು ಅದರ ಬ್ರೇಕಿನ ವಿಷಯದಲ್ಲಿ ತೋರಿಸುವುದು ಅಪರೂಪ. ಇದಕ್ಕಾಗಿ ಅವರನ್ನು ದೂರಿ ಫಲವಿಲ್ಲ. ಬ್ರೇಕು ಕಣ್ಣಿಗೆ ಬೀಳುವ ವಸ್ತುವಲ್ಲ. ಕಾಲಿಟ್ಟು ಒತ್ತಿದರೆ ಗಾಡಿ ನಿಲ್ಲುವುದು. ಅಷ್ಟನ್ನೇ ನಾವು ಬಲ್ಲೆವು. ನಿಲ್ಲದಿರುವ ದಿನವೊಂದು ಬರುವವರೆಗೆ ಅದರ ಯೋಚನೆಯೇ ನಮಗೆ ಹುಟ್ಟುವುದಿಲ್ಲ. ಈ ಲೇಖಕನೂ ಬಹುಕಾಲ ಅಂತಹವರಲ್ಲಿ ಒಬ್ಬನಾಗಿದ್ದನು.

ಕೆಲವು ವರ್ಷಗಳ ಹಿಂದೆ ಮನೆಯವರೊಡನೆ ಧರ್ಮಸ್ಥಳಕ್ಕೆ ಹೊರಟಿದ್ದೆನು. ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಉಪಾಹಾರ ಮುಗಿಸಿ ಚಾರ್ಮಾಡಿ ಘಟ್ಟವನ್ನು ಇಳಿಯತೊಡಗಿದೆವು. ಮಂಜು ತೆರವಾಗಿದ್ದಿತು, ಮಕ್ಕಳು ಕಣಿವೆಯನ್ನು ನೋಡಿ ನಲಿಯುತ್ತಿದ್ದರು. ನಾನು ಮೇಲಿನ ಗೇರಿನಲ್ಲಿಯೇ ಗಾಡಿಯನ್ನು ಬಿಟ್ಟುಕೊಂಡು, ತಿರುವು ಬಂದಾಗಲೆಲ್ಲ ಬ್ರೇಕನ್ನು ಒತ್ತುತ್ತಿದ್ದೆನು. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಪೆಡಲು ಮೆತ್ತಗಾದಂತೆ ತೋರಿತು. ಮುಂದಿನ ತಿರುವಿನಲ್ಲಿ ಒತ್ತಿದಾಗ ಅದು ಹತ್ತಿಯ ದಿಂಬಿನಂತೆ ಇಳಿದು ನೆಲವನ್ನು ಮುಟ್ಟಿತು. ಗಾಡಿ ಮಾತ್ರ ನಿಲ್ಲಲಿಲ್ಲ. ಪೆಡಲನ್ನು ನಾಲ್ಕಾರು ಸಲ ಬೇಗಬೇಗನೆ ತುಳಿದೆನು; ಸ್ವಲ್ಪ ಹಿಡಿತ ಸಿಕ್ಕಿತು. ಎರಡನೆಯ ಗೇರಿಗೂ ಅಲ್ಲಿಂದ ಒಂದನೆಯ ಗೇರಿಗೂ ಇಳಿಸಿ, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಗುಡ್ಡದ ಬದಿಗೆ ಗಾಡಿಯನ್ನು ತಂದು ನಿಲ್ಲಿಸಿದೆನು. ಕೈ ನಡುಗುತ್ತಿದ್ದಿತು. ಮಕ್ಕಳ ಮಾತು ನಿಂತುಹೋಗಿದ್ದಿತು.

ಹಿಂದೆ ಬರುತ್ತಿದ್ದ ಬಾಡಿಗೆ ಜೀಪಿನವನು ಇಳಿದು ಬಂದು, ಚಕ್ರದ ಬಳಿ ಮೂಗಿಟ್ಟು ನೋಡಿ, “ಎಣ್ಣೆ ಕುದ್ದಿದೆ ಸಾರ್. ಬದಲಾಯಿಸಿ ಎಷ್ಟು ವರ್ಷ ಆಯಿತು?” ಎಂದು ಕೇಳಿದನು. ನನಗೆ ಉತ್ತರ ತಿಳಿಯದು. ಕಾರನ್ನು ಕೊಂಡು ಆರು ವರ್ಷಗಳಾಗಿದ್ದುವು. ಬ್ರೇಕಿನ ಎಣ್ಣೆಯನ್ನು ಬದಲಾಯಿಸಬೇಕೆಂಬುದೇ ನನ್ನ ಕಿವಿಗೆ ಬಿದ್ದಿರಲಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲು ಮತ್ತೆ ಗಟ್ಟಿಯಾಯಿತು. ಒಂದನೆಯ ಗೇರಿನಲ್ಲಿಯೇ ಇಳಿದು ಉಜಿರೆಯನ್ನು ಸೇರಿ, ಅಲ್ಲಿ ರಸ್ತೆಯ ಬದಿಯ ಒಬ್ಬ ಮೆಕ್ಯಾನಿಕ್ಕಿಗೆ ಕಾರನ್ನು ಒಪ್ಪಿಸಿದೆನು. ಅವನ ಬಳಿ ಇದ್ದ ಸಾಮಾನು ನಾಲ್ಕೇ: ಒಂದು ಸ್ಪ್ಯಾನರು, ಒಂದು ಗೇಣುದ್ದಕ್ಕಿಂತ ತುಸು ಹೆಚ್ಚಿನ ಪಾರದರ್ಶಕ ನಳಿಗೆ, ಒಂದು ಬಾಟಲಿ, ಪೆಡಲು ತುಳಿಯಲು ಒಬ್ಬ ಹುಡುಗ. ಹೊರಗೆ ಬಂದ ಹಳೆಯ ಎಣ್ಣೆ ನಮ್ಮ ಮನೆಯ ಕಾಫಿಯ ಡಿಕಾಕ್ಷನ್ನಿನಷ್ಟು ಕಪ್ಪಾಗಿದ್ದಿತು.

ಆ ದಿನದಿಂದ ಈ ಕೆಲಸವನ್ನು ನಾನೇ ಕಲಿಯಬೇಕೆಂದು ನಿಶ್ಚಯಿಸಿದೆನು. ಕಲಿಯುವಾಗ ಒಂದು ತಪ್ಪನ್ನು ಮಾಡಿ ಹಣವನ್ನೂ ಸಮಯವನ್ನೂ ಕಳೆದುಕೊಂಡೆನು. ಯಾವ ಸಾಮಾನನ್ನು ಕೊಳ್ಳಬೇಕು, ಯಾವುದನ್ನು ಬಿಡಬಹುದು, ಎಲ್ಲಿ ಕೈಹಾಕಲೇ ಕೂಡದು ಎಂಬುದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಗಾಳಿಯಿಂದ ಆಗುವ ಕೇಡು

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲನು ವಿವರಿಸಿದನು. ಅದನ್ನು ಮೋಟಾರು ಗಾಡಿಯ ಬ್ರೇಕಿಗೆ ಅಳವಡಿಸಿದವರಲ್ಲಿ ಅಮೆರಿಕದ ಮ್ಯಾಲ್ಕಮ್ ಲಾಕ್‌ಹೀಡನು ಮುಖ್ಯನು. ಮೊದಮೊದಲು ಸರಳು ತಂತಿಗಳಿಂದ ಎಳೆಯುತ್ತಿದ್ದ ಬ್ರೇಕುಗಳಿದ್ದುವು. ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕನ್ನು ಹೊಂದಿದ ಡ್ಯೂಸೆನ್‌ಬರ್ಗ್ ಕಾರು 1921ರಲ್ಲಿಯೂ, ಅದೇ ಏರ್ಪಾಡನ್ನು ಸಾಮಾನ್ಯ ಗೃಹಸ್ಥರ ಕೈಗೆಟುಕುವಂತೆ ಮಾಡಿದ ಕ್ರೈಸ್ಲರ್ ಕಾರು 1924ರಲ್ಲಿಯೂ ಹೊರಬಂದುವು. ಇಂದು ನಮ್ಮ ಬೀದಿಯಲ್ಲಿ ಓಡುವ ಪ್ರತಿಯೊಂದು ಕಾರಿನಲ್ಲಿಯೂ ಇರುವುದು ಇದೇ ತತ್ತ್ವ.

ಒಂದು ಲೆಕ್ಕವನ್ನು ನೋಡೋಣ. ಕಾಲಿನಿಂದ 20 ಕಿಲೋಗ್ರಾಮಿನಷ್ಟು ಭಾರವನ್ನು ಪೆಡಲಿನ ಮೇಲೆ ಹಾಕಿದೆವೆನ್ನಿ. ಪೆಡಲು ಒಂದು ಸನ್ನೆಗೋಲಿನಂತಿದ್ದು ಅದನ್ನು ಐದು ಪಟ್ಟು ಮಾಡಿದರೆ ಮಾಸ್ಟರ್ ಸಿಲಿಂಡರಿನ ಕೊಂತದ ಮೇಲೆ ಬೀಳುವುದು 100 ಕಿಲೋಗ್ರಾಂ. ಆ ಕೊಂತದ ಮುಖವು 3 ಚದರ ಸೆಂಟಿಮೀಟರು ಇದ್ದರೆ ಎಣ್ಣೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 33 ಕಿಲೋಗ್ರಾಂ ಒತ್ತಡವುಂಟಾಗುವುದು. ಚಕ್ರದ ಬಳಿಯ ಕೊಂತದ ಮುಖವು 18 ಚದರ ಸೆಂಟಿಮೀಟರು ಇದ್ದಲ್ಲಿ ಅಲ್ಲಿ ದೊರೆಯುವ ಬಲ 600 ಕಿಲೋಗ್ರಾಂ. ಇಷ್ಟು ಬಲವು ದೊರೆಯುವುದು ದ್ರವವು ಕುಗ್ಗುವುದಿಲ್ಲವೆಂಬ ಒಂದೇ ಕಾರಣದಿಂದ.

ಗಾಳಿಯಾದರೋ ಕುಗ್ಗುವ ವಸ್ತು. ಮೇಲೆ ಹೇಳಿದ ಒತ್ತಡದಲ್ಲಿ ಒಂದು ಘನ ಸೆಂಟಿಮೀಟರು ಗಾಳಿಯು ಮೂವತ್ತರಲ್ಲೊಂದು ಪಾಲಿಗಿಂತ ಕಡಿಮೆಯಾಗಿ ಮುದುಡಿಹೋಗುವುದು. ಅದು ಬಿಟ್ಟುಕೊಟ್ಟ ಜಾಗವನ್ನು ತುಂಬುವುದಕ್ಕೇ ಮಾಸ್ಟರ್ ಸಿಲಿಂಡರಿನ ಕೊಂತವು ಮೂರರಲ್ಲೊಂದು ಸೆಂಟಿಮೀಟರಿನಷ್ಟು ಮುಂದೆ ಸರಿಯಬೇಕು. ಪೆಡಲು ಅದರ ಐದು ಪಟ್ಟು, ಎಂದರೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚಾಗಿ, ವ್ಯರ್ಥವಾಗಿ ಇಳಿಯಬೇಕು. ಗೋಲಿಯ ಗಾತ್ರದ ಮೂರು ನಾಲ್ಕು ಗುಳ್ಳೆಗಳು ಕೊಳವೆಯಲ್ಲಿ ಸೇರಿಕೊಂಡರೆ ಪೆಡಲು ನೆಲವನ್ನು ಮುಟ್ಟುವುದರಲ್ಲಿ ಆಶ್ಚರ್ಯವೇನು?

ಈ ಗಾಳಿಯು ಕೊಳವೆ ಬಿಚ್ಚಿದಾಗಲೂ, ಎಣ್ಣೆಯ ಡಬ್ಬಿ ಬರಿದಾದಾಗಲೂ, ಹಳೆಯ ರಬ್ಬರು ವಾಷರುಗಳ ಸಂದಿನಿಂದಲೂ ಒಳಸೇರಬಹುದು. ನನಗೆ ಘಟ್ಟದಲ್ಲಿ ಆದದ್ದು ಇದರ ಇನ್ನೊಂದು ರೂಪ. ಬ್ರೇಕಿನ ಎಣ್ಣೆಗೆ ಉಪ್ಪಿನಂತೆ ಗಾಳಿಯ ತೇವವನ್ನು ಹೀರುವ ಗುಣವುಂಟು. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆಯು ಕಡಿಮೆಯೆಂದರೆ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂದು ನಿಯಮವಿದೆ. ನೂರಕ್ಕೆ ನಾಲ್ಕರ ಸಮೀಪದಷ್ಟು ನೀರು ಬೆರೆತಾಗ ಆ ಮಿತಿ 140ಕ್ಕೆ ಇಳಿಯುವುದು. ಡಾಟ್ 4 ದರ್ಜೆಯಲ್ಲಿ ಇವು ಕ್ರಮವಾಗಿ 230 ಮತ್ತು 155 ಡಿಗ್ರಿಗಳು. ಘಟ್ಟದ ಇಳಿಜಾರಿನಲ್ಲಿ ಬಿಡದೆ ಬ್ರೇಕು ಹಿಡಿದರೆ ಚಕ್ರದ ಬಳಿ ಈ ಶಾಖವು ಒದಗಿ, ಹಳೆಯ ಎಣ್ಣೆಯಲ್ಲಿ ಆವಿಯ ಗುಳ್ಳೆಗಳು ಏಳುವುವು. ಆವಿಯೂ ಗಾಳಿಯಂತೆಯೇ ಕುಗ್ಗತಕ್ಕದ್ದು. ಮಲೆನಾಡು ಕರಾವಳಿಗಳ ತೇವದ ಹವೆಯಲ್ಲಿರುವವರು, ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಬದಲಾಯಿಸಬೇಕೆಂದು ಅನೇಕ ತಯಾರಕರು ಹೇಳುವ ಮಾತನ್ನು ಅಲಕ್ಷ್ಯ ಮಾಡಕೂಡದು.

ಮೊದಲು ಕೊಳ್ಳಬೇಕಾದುವು

ಗಾಳಿಯೂ ಹಳೆಯ ಎಣ್ಣೆಯೂ ಹೊರಬರಲೆಂದು ಪ್ರತಿ ಚಕ್ರದ ಬಳಿ ಒಂದು ಪುಟ್ಟ ತಿರುಪನ್ನಿಟ್ಟಿರುವರು. ಮೆಕ್ಯಾನಿಕ್ಕುಗಳು ಇದನ್ನು ಬ್ಲೀಡರ್ ನಿಪ್ಪಲ್ ಎನ್ನುವರು. ಅದರ ಒಳಗೆ ಸಣ್ಣ ರಂಧ್ರವಿದೆ. ಸಡಿಲಿಸಿದರೆ ಎಣ್ಣೆ ಹೊರಡುವುದು, ಬಿಗಿದರೆ ನಿಲ್ಲುವುದು. ಸಾಮಾನುಗಳ ಆಯ್ಕೆಯೆಲ್ಲವೂ ಈ ತಿರುಪಿನ ಸುತ್ತಲೇ ನಿಂತಿದೆ.

ಒಂದನೆಯದು, ಸ್ಪ್ಯಾನರು. ಎಲ್ಲ ಸಾಮಾನುಗಳಲ್ಲಿ ಹೆಚ್ಚು ಯೋಚಿಸಿ ಕೊಳ್ಳಬೇಕಾದುದು ಇದೇ. ನಿಪ್ಪಲಿನ ತಲೆಯ ಅಳತೆ ಗಾಡಿಯಿಂದ ಗಾಡಿಗೆ ಬೇರೆ. 7, 8, 9, 10, 11 ಮಿಲಿಮೀಟರುಗಳಲ್ಲಿ ಯಾವುದಾದರೂ ಇರಬಹುದು. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಭೇದವಿರುವುದೂ ಉಂಟು. ಆದಕಾರಣ ಅಂಗಡಿಗೆ ಹೋಗುವ ಮೊದಲು ನಾಲ್ಕನ್ನೂ ಅಳೆದು ನೋಡತಕ್ಕದ್ದು. ಬಾಯಿ ತೆರೆದ ಸ್ಪ್ಯಾನರು ಎರಡೇ ಬದಿಗಳನ್ನು ಹಿಡಿದು ಮೂಲೆಗಳನ್ನು ಸವೆಸಿಬಿಡುವುದು. ಹನ್ನೆರಡು ಮೂಲೆಯ ರಿಂಗು ಸ್ಪ್ಯಾನರು ಅದಕ್ಕಿಂತ ಮೇಲು. ಆರು ಮೂಲೆಯದು ಎಲ್ಲಕ್ಕಿಂತ ಉತ್ತಮ. ನಿಪ್ಪಲು ಒಳಗೆ ಟೊಳ್ಳಾದುದರಿಂದ, ತುಕ್ಕು ಹಿಡಿದಾಗ ಬಲವಂತ ಮಾಡಿದರೆ ಮುರಿದೇ ಹೋಗುವುದು. ಆಮೇಲೆ ಅದನ್ನು ತೆಗೆಯುವ ಖರ್ಚಿನಲ್ಲಿ ಹತ್ತು ಸ್ಪ್ಯಾನರುಗಳನ್ನು ಕೊಳ್ಳಬಹುದು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಅದರ ಬುಡಕ್ಕೆ ತೊಟ್ಟಿಕ್ಕಿಸಿಡುವುದು ಜಾಣತನ. ಆ ಎಣ್ಣೆಯು ಬ್ರೇಕಿನ ಡಿಸ್ಕಿಗಾಗಲಿ ಪ್ಯಾಡಿಗಾಗಲಿ ತಾಗದಂತೆ ನೋಡಿಕೊಳ್ಳಬೇಕು.

ಎರಡನೆಯದು, ನಳಿಗೆ. ಇದು ಪಾರದರ್ಶಕವಾಗಿರಲೇಬೇಕು. ಗುಳ್ಳೆ ಬರುವುದು ನಿಂತಿತೆ, ಎಣ್ಣೆಯ ಬಣ್ಣ ತಿಳಿಯಾಯಿತೆ ಎಂಬುದನ್ನು ಕಣ್ಣಿನಿಂದಲ್ಲದೆ ಬೇರೆ ವಿಧದಲ್ಲಿ ತಿಳಿಯಲಾಗದು. ಕಪ್ಪು ರಬ್ಬರಿನ ಕೊಳವೆ ಎಷ್ಟು ಗಟ್ಟಿಯಾಗಿದ್ದರೂ ಇಲ್ಲಿ ನಿರುಪಯೋಗಿ. ಮೀನು ಸಾಕುವ ತೊಟ್ಟಿಗೆ ಗಾಳಿ ಬಿಡುವ ನಳಿಗೆಯು ಅನೇಕ ನಿಪ್ಪಲುಗಳಿಗೆ ಹೊಂದುವುದು. ಬಿಗಿಯಾಗಿ ಕೂಡದಿದ್ದರೆ ಬೇರೊಂದನ್ನು ನೋಡಬೇಕು. ಮುಕ್ಕಾಲು ಮೀಟರಿನಷ್ಟು ಉದ್ದವಿದ್ದರೆ ಸಾಕು.

ಮೂರನೆಯದು, ಬಾಟಲಿ. ಒಳಗಿನದು ಕಾಣುವ, ಉರುಳಿಬೀಳದ ಯಾವ ಬಾಟಲಿಯಾದರೂ ಆದೀತು. ಆದರೆ ಇಲ್ಲಿ ಗೃಹಿಣಿಯರ ಒಂದು ಮಾತನ್ನು ಕೇಳಬೇಕು. ನಾನು ಮೊದಲ ಸಲ ಷರಬತ್ತಿನ ಬಾಟಲಿಯನ್ನು ಕೈಗೆತ್ತಿಕೊಂಡಾಗ ನನ್ನ ಪತ್ನಿಯು, “ಅದರಲ್ಲಿ ಹಾಕಬೇಡಿ. ಮಕ್ಕಳಿರುವ ಮನೆ; ಯಾರಾದರೂ ಬಾಯಿಗೆ ಹಾಕಿಕೊಂಡರೆ?” ಎಂದು ತಡೆದಳು. ಅವಳು ಹೇಳಿದ್ದು ಸರಿ. ಬ್ರೇಕಿನ ಎಣ್ಣೆ ವಿಷ. ಹೊಸತಾಗಿರುವಾಗ ಅದು ತಿಳಿಯಾದ ಪಾನಕದ ಹಾಗೆಯೇ ಕಾಣುವುದು. ಕುಡಿಯುವ ಪದಾರ್ಥದ ಬಾಟಲಿಯನ್ನು ಈ ಕೆಲಸಕ್ಕೆ ಎಂದಿಗೂ ಉಪಯೋಗಿಸಕೂಡದು. ಬೇರೆ ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ “ವಿಷ” ಎಂದು ಬರೆದು, ಕೆಲಸ ಮುಗಿದೊಡನೆ ಬೀಗದೊಳಗೆ ಇಡಬೇಕು. ಹಳೆಯ ಎಣ್ಣೆಯನ್ನು ಚರಂಡಿಗೋ ತೋಟಕ್ಕೋ ಚೆಲ್ಲದೆ ಗ್ಯಾರೇಜಿನವರ ಹಳೆಯ ಎಣ್ಣೆಯ ಪೀಪಾಯಿಗೆ ಕೊಡುವುದು ಒಳ್ಳೆಯದು.

ನಾಲ್ಕನೆಯದು, ಎಣ್ಣೆ. ಯಾವ ದರ್ಜೆಯೆಂಬುದು ಎಣ್ಣೆಯ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುವುದು. ಡಾಟ್ 5 ಎಂಬುದು ಸಿಲಿಕೋನಿನಿಂದಾದ ಬೇರೆ ಜಾತಿಯ ಎಣ್ಣೆ. ಅದನ್ನು 3, 4ರೊಡನೆ ಬೆರೆಸಕೂಡದು. ಇಂಜಿನ್ನಿನ ಎಣ್ಣೆಯ ಒಂದು ತೊಟ್ಟು ಕೂಡ ಇಲ್ಲಿಗೆ ಬರಬಾರದು; ಅದು ರಬ್ಬರು ವಾಷರುಗಳನ್ನು ಉಬ್ಬಿಸಿ ಬ್ರೇಕನ್ನೇ ಕೆಡಿಸುವುದು. ಸಣ್ಣ ಕಾರಿಗೆ ಒಂದು ಲೀಟರು ಧಾರಾಳವಾಗಿ ಸಾಕು. ಅದನ್ನು ಅರ್ಧ ಲೀಟರಿನ ಎರಡು ಡಬ್ಬಿಗಳಾಗಿ ಕೊಂಡರೆ ಒಂದು ಒಡೆಯದೆ ಉಳಿಯಬಹುದು. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಎಣ್ಣೆಯು ತೇವ ಹೀರಿರುವುದರಿಂದ ಅದನ್ನು ಉಪಯೋಗಿಸತಕ್ಕದ್ದಲ್ಲ.

ಇವಲ್ಲದೆ ಗಾಡಿಯನ್ನು ಎತ್ತುವ ಜ್ಯಾಕಿ, ಎತ್ತಿದ ಮೇಲೆ ಭಾರ ಹೊರುವ ಉಕ್ಕಿನ ಸ್ಟ್ಯಾಂಡು, ಚಕ್ರಕ್ಕೆ ಕೊಡಲು ಕಲ್ಲು ಅಥವಾ ಮರದ ತುಂಡು ಇವು ಬೇಕು. ಜ್ಯಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ತೂರಿಸಬಾರದು. ಸ್ಪ್ಯಾನರಿನ ಮೇಲೆ ಹಣ ಉಳಿಸುವವನಿಗೆ ನಷ್ಟವಾಗುವುದು. ಸ್ಟ್ಯಾಂಡಿನ ಮೇಲೆ ಉಳಿಸುವವನಿಗೆ ಪ್ರಾಣವೇ ಹೋಗಬಹುದು. ಬಕೆಟ್ಟಿನಲ್ಲಿ ನೀರೂ ಹಳೆಯ ಬಟ್ಟೆಯೂ ಪಕ್ಕದಲ್ಲಿರಲಿ. ಈ ಎಣ್ಣೆಯು ಗಾಡಿಯ ಬಣ್ಣವನ್ನು ತಿಂದುಹಾಕುವುದು. ಬಿದ್ದೊಡನೆ ನೀರು ಸುರಿದು ತೊಳೆಯಬೇಕು. ಕಣ್ಣಿಗೆ ಕನ್ನಡಕವಿದ್ದರೆ ಒಳ್ಳೆಯದು.

ಒಬ್ಬರೇ ಮಾಡಲು ಬರುವ ಉಪಕರಣಗಳು

ಉಜಿರೆಯ ಮೆಕ್ಯಾನಿಕ್ಕಿನ ನಾಲ್ಕನೆಯ ಸಾಮಾನು ಒಬ್ಬ ಹುಡುಗನೆಂದೆನಷ್ಟೆ. ಆ ಎರಡನೆಯ ಆಳಿಲ್ಲದೆ ಕೆಲಸ ಸಾಗಿಸಲು ಅಂಗಡಿಗಳಲ್ಲಿ ಮೂರು ಬಗೆಯ ಉಪಕರಣಗಳು ದೊರೆಯುವುವು.

ಮೊದಲನೆಯದು, ತುದಿಯಲ್ಲಿ ಒಮ್ಮುಖದ ಕವಾಟವುಳ್ಳ ನಳಿಗೆ. ಪೆಡಲನ್ನು ಒತ್ತಿದಾಗ ಎಣ್ಣೆಯನ್ನು ಹೊರಕ್ಕೆ ಬಿಟ್ಟು, ಕಾಲೆತ್ತಿದಾಗ ಹಿಂದಕ್ಕೆ ಗಾಳಿ ಹೋಗದಂತೆ ಅದು ಮುಚ್ಚಿಕೊಳ್ಳುವುದು. ಬೆಲೆ ಅಲ್ಪ. ಕೊಳ್ಳುವಾಗಲೇ ಒಂದು ತುದಿಯಿಂದ ಊದಿ ಇನ್ನೊಂದು ತುದಿಯಿಂದ ಊದಲಾಗದೆಂಬುದನ್ನು ಪರೀಕ್ಷಿಸಬೇಕು. ಒಮ್ಮೆ ಬ್ರೇಕಿನ ಎಣ್ಣೆ ತಾಗಿದ ಮೇಲೆ ಈ ಬಾಯಿಯ ಪರೀಕ್ಷೆ ಕೂಡದು. ಕವಾಟದಲ್ಲಿ ಕಸ ಸಿಕ್ಕಿಕೊಂಡರೆ ಅದು ಮುಚ್ಚದೆ, ಮಾಡಿದ ಕೆಲಸವೆಲ್ಲ ವ್ಯರ್ಥವಾಗುವುದು.

ಎರಡನೆಯದು, ಹೀರುವ ಕೈಪಂಪು. ನಾನು ಮೋಸಹೋದದ್ದು ಇದರಲ್ಲಿ. ಆ ವರ್ಷ ನನ್ನ ಹಿರಿಯ ಮಗಳಿಗೆ ಪಿಯುಸಿ ಪರೀಕ್ಷೆ. ಅವಳನ್ನು ಓದಿನಿಂದ ಎಬ್ಬಿಸುವುದೇಕೆಂದು, ಅಂಗಡಿಯವನು ಹೊಗಳಿದ ಪಂಪೊಂದನ್ನು ಎಣ್ಣೆಯ ಆರೇಳು ಡಬ್ಬಿಗಳ ಬೆಲೆ ಕೊಟ್ಟು ತಂದೆನು. ಹಿಂದಿನ ಚಕ್ರಕ್ಕೆ ನಳಿಗೆಯನ್ನು ಸಿಕ್ಕಿಸಿ, ನಿಪ್ಪಲನ್ನು ಸಡಿಲಿಸಿ ಹೀರತೊಡಗಿದೆನು. ಎಣ್ಣೆಯೊಡನೆ ಗುಳ್ಳೆಗಳು ಬಂದುವು, ಬರುತ್ತಲೇ ಇದ್ದುವು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಇಷ್ಟೊಂದು ಗಾಳಿಯೆ ಎಂದು ಗಾಬರಿಯಿಂದ ಹೀರುತ್ತ ಹೋಗಿ, ಮೇಲಿನ ಡಬ್ಬಿಯ ಕಡೆ ನೋಡುವುದನ್ನೇ ಮರೆತೆನು. ಅದು ಬರಿದಾಗಿ, ನಿಜವಾದ ಗಾಳಿಯೂ ಈಗ ಮೇಲಿನಿಂದ ಒಳಹೊಕ್ಕಿತು. ಪೆಡಲನ್ನು ಒತ್ತಿ ನೋಡಿದರೆ ಚಾರ್ಮಾಡಿಯ ಅದೇ ಹತ್ತಿಯ ದಿಂಬು!

ಬಸ್ಸಿನ ಡಿಪೋದಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ನೆರೆಮನೆಯ ಹಿರಿಯರು ಬೇಲಿಯ ಆಚೆಯಿಂದ ಇದನ್ನು ನೋಡುತ್ತಿದ್ದರು. ಅವರು ಬಂದು ಕುಕ್ಕುರುಗಾಲಿನಲ್ಲಿ ಕುಳಿತು, “ಈ ಗಾಳಿ ಒಳಗಿನದಲ್ಲ ರಾಯರೇ, ಹೊರಗಿನದು. ನಿಪ್ಪಲು ಸಡಿಲಿಸಿದ ಮೇಲೆ ಅದರ ಮರೆಯ ಸಂದಿನಿಂದ ನಿಮ್ಮ ಪಂಪು ಗಾಳಿ ಎಳೆಯುತ್ತಿದೆ. ಸಾಯಂಕಾಲದವರೆಗೆ ಹೀರಿದರೂ ಇದು ಮುಗಿಯುವುದಿಲ್ಲ” ಎಂದರು. ಹೀರುವ ಪಂಪಿನ ದೋಷವೇ ಇದು: ತಿರುಪಿನ ಸುತ್ತುಗಳ ನಡುವಿನಿಂದ ನುಗ್ಗುವ ಗುಳ್ಳೆಗೂ ಕೊಳವೆಯೊಳಗಿನ ಗುಳ್ಳೆಗೂ ನಳಿಗೆಯಲ್ಲಿ ಭೇದ ಕಾಣುವುದಿಲ್ಲ. ನಿಪ್ಪಲಿನ ಬುಡಕ್ಕೆ ಹೊರಗಿನಿಂದ ಗ್ರೀಸು ಬಳಿದರೆ ಸ್ವಲ್ಪ ಕಡಿಮೆಯಾಗುವುದು, ಪೂರ್ತಿಯಾಗಿ ಅಲ್ಲ.

ಕೊನೆಗೆ ಮಗಳನ್ನು ಕರೆದೆನು. “ಎಷ್ಟು ಹೊತ್ತು ಬೇಕಪ್ಪ?” ಎಂದು ಕೇಳುತ್ತ ಬಂದು ಪೆಡಲಿನ ಮುಂದೆ ಕುಳಿತಳು. ನಾಲ್ಕು ಚಕ್ರಗಳೂ ಮುಗಿಯಲು ಒಂದು ಗಂಟೆಯೂ ಹಿಡಿಯಲಿಲ್ಲ. ಏಳುವಾಗ ಪಂಪನ್ನು ನೋಡಿ, “ಇದಕ್ಕೆ ಅಷ್ಟು ದುಡ್ಡು ಯಾಕೆ ಕೊಟ್ಟಿರಿ ಅಪ್ಪ, ನನ್ನನ್ನೇ ಕರೆಯಬಹುದಿತ್ತಲ್ಲ?” ಎಂದಳು. ಪಂಪು ಈಗಲೂ ಮನೆಯಲ್ಲಿದೆ. ಮೇಲಿನ ಡಬ್ಬಿಯಿಂದ ಹಳೆಯ ಎಣ್ಣೆಯನ್ನು ತೆಗೆಯಲು ಅದನ್ನು ಉಪಯೋಗಿಸುತ್ತೇನೆ. ಆ ಕೆಲಸವನ್ನು ಔಷಧದ ಅಂಗಡಿಯ ದೊಡ್ಡ ಸಿರಿಂಜೂ ಅಷ್ಟೇ ಚೆನ್ನಾಗಿ ಮಾಡುವುದು.

ಮೂರನೆಯದು, ಮೇಲಿನಿಂದ ಒತ್ತುವ ಪಂಪು. ಹೊಸ ಎಣ್ಣೆ ತುಂಬಿದ ಪಾತ್ರೆಯನ್ನು ಮಾಸ್ಟರ್ ಸಿಲಿಂಡರಿನ ಡಬ್ಬಿಗೆ ತಿರುಚಿ ಕೂಡಿಸಿ, ಗಾಳಿಯ ಒತ್ತಡದಿಂದ ಎಣ್ಣೆಯನ್ನು ಒಳಕ್ಕೆ ನೂಕುವುದು ಇದರ ಕ್ರಮ. ಒಳಗಿನಿಂದ ಹೊರಕ್ಕೆ ಒತ್ತಡವಿರುವುದರಿಂದ ಸಂದಿನಿಂದ ಗಾಳಿ ನುಗ್ಗುವ ಭಯವಿಲ್ಲ. ಪಾತ್ರೆಯಲ್ಲಿ ಎಣ್ಣೆಯಿರುವವರೆಗೆ ಡಬ್ಬಿ ಬರಿದಾಗುವುದೂ ಇಲ್ಲ. ಒಂಟಿಯಾಗಿ ಮಾಡುವವರಿಗೆ ಇದೇ ಉತ್ತಮ. ಆದರೆ ಅದರ ಮುಚ್ಚಳವು ನಿಮ್ಮ ಗಾಡಿಯ ಡಬ್ಬಿಗೆ ಹೊಂದುವುದೆ ಎಂಬುದನ್ನು ನೋಡದೆ ಕೊಳ್ಳಬಾರದು. ಎಣ್ಣೆ ತುಂಬುವ ಮೊದಲು ಬರಿಯ ಗಾಳಿಯಿಂದ ಒತ್ತಡ ಕೊಟ್ಟು ಸೋರುವುದೆ ಎಂದು ಪರೀಕ್ಷಿಸಬೇಕು. ಇಲ್ಲದಿದ್ದರೆ ಎಣ್ಣೆ ಚಿಮ್ಮಿ ಬಾನೆಟ್ಟಿನ ಕೆಳಗೆಲ್ಲ ಬಣ್ಣ ಹಾಳಾಗುವುದು. ಒತ್ತಡವು ಚದರ ಅಂಗುಲಕ್ಕೆ 10ರಿಂದ 15 ಪೌಂಡುಗಳಿದ್ದರೆ ಸಾಕು. ಚಕ್ರಕ್ಕೆ ತುಂಬುವಷ್ಟು ಗಾಳಿಯನ್ನು ಇದಕ್ಕೆ ತುಂಬಿದರೆ ಡಬ್ಬಿಯೇ ಬಿರಿಯಬಹುದು. ಬೆಲೆ ಹೆಚ್ಚಾದುದರಿಂದ, ಒಂದೇ ಬಗೆಯ ಗಾಡಿಯುಳ್ಳ ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳುವುದು ಲೇಸು.

ಇಬ್ಬರು ಸೇರಿ ಮಾಡುವ ಕ್ರಮ

ಮನೆಯಲ್ಲಿ ಎರಡನೆಯವರೊಬ್ಬರಿದ್ದರೆ ಮೇಲಿನ ಯಾವ ಯಂತ್ರವೂ ಅವಶ್ಯವಲ್ಲ. ಪೆಡಲಿನ ಮೇಲಿರುವವರಿಗೆ ಬೇಕಾದುದು ಬಲವಲ್ಲ, ಗಮನ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಇಂಜಿನ್ನನ್ನು ಆರಿಸಬೇಕು. ಮೇಲಿನ ಡಬ್ಬಿಯ ಕಪ್ಪು ಎಣ್ಣೆಯನ್ನು ತಳ ಕಾಣುವಂತೆ ಪೂರ್ತಿ ತೆಗೆಯದೆ, ಬಹುಪಾಲು ಹೀರಿ ಹೊಸತನ್ನು ತುಂಬಿ, ಮುಚ್ಚಳವನ್ನು ಮೇಲಿಡಬೇಕು. ಪೆಡಲಿನ ಕೆಳಗೆ ಎರಡು ಮೂರು ಅಂಗುಲದ ಮರದ ತುಂಡನ್ನಿಡುವುದನ್ನು ಮರೆಯಬಾರದು. ಹಳೆಯ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರಿನ ಕೊಂತವು ನಿತ್ಯ ಓಡಾಡುವ ಭಾಗ ಮಾತ್ರ ನುಣುಪಾಗಿದ್ದು, ಅದರಾಚೆ ತುಕ್ಕಿರುವುದುಂಟು. ಪೆಡಲನ್ನು ನೆಲದವರೆಗೆ ತುಳಿದರೆ ರಬ್ಬರು ವಾಷರು ಆ ತುಕ್ಕಿನ ಮೇಲೆ ಉಜ್ಜಿ ಹರಿಯುವುದು; ಗಾಳಿ ತೆಗೆಯಲು ಹೊರಟು ಸಿಲಿಂಡರನ್ನೇ ಕೆಡಿಸಿದಂತಾಗುವುದು.

ಯಾವ ಚಕ್ರದಿಂದ ಮೊದಲು ಮಾಡಬೇಕೆಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ ಬರುವುದು ಹಳೆಯ ರೂಢಿ. ನಮ್ಮ ದೇಶದಲ್ಲಿ ಚಾಲಕನು ಬಲಗಡೆ ಕೂಡುವುದರಿಂದ ಆ ಕ್ರಮವು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂದಾಗುವುದು. ಕೊಳವೆಗಳನ್ನು ಮೂಲೆಯಿಂದ ಮೂಲೆಗೆ ಜೋಡಿಸಿದ ಗಾಡಿಗಳಲ್ಲಿ ಕ್ರಮ ಬೇರೆಯಾಗಿರಬಹುದು.

ಮೊದಲು ರಿಂಗು ಸ್ಪ್ಯಾನರನ್ನು ನಿಪ್ಪಲಿನ ಮೇಲಿಟ್ಟು ಆಮೇಲೆ ನಳಿಗೆಯನ್ನು ಸಿಕ್ಕಿಸಬೇಕು. ನಳಿಗೆ ಮೊದಲಾದರೆ ಸ್ಪ್ಯಾನರು ಕೂಡದು. ನಳಿಗೆಯು ನಿಪ್ಪಲಿನಿಂದ ಮೊದಲು ಮೇಲಕ್ಕೇರಿ ಬಳಿಕ ಬಾಟಲಿಗೆ ಇಳಿಯಲಿ. ಗುಳ್ಳೆಗಳು ಮೇಲಕ್ಕೆ ಹೋಗುವ ಸ್ವಭಾವದವು. ಅದರ ಕೊನೆಯು ಬಾಟಲಿಯಲ್ಲಿರುವ ಸ್ವಲ್ಪ ಹೊಸ ಎಣ್ಣೆಯಲ್ಲಿ ಮುಳುಗಿರಬೇಕು.

ಇನ್ನು ಇಬ್ಬರ ನಡುವಣ ಮಾತು. ಚಕ್ರದ ಬಳಿಯಿರುವವರು “ಒತ್ತು” ಎನ್ನಬೇಕು. ಪೆಡಲಿನವರು ನಿಧಾನವಾಗಿ ಒತ್ತಿ ಹಿಡಿದು “ಒತ್ತಿದೆ” ಎನ್ನಬೇಕು. ಆಗ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದರೆ ಎಣ್ಣೆ ಹೊರಟು ಪೆಡಲು ಇಳಿಯುವುದು. ಅದು ಮರದ ತುಂಡನ್ನು ಮುಟ್ಟುವಾಗ ಕಾಲೆತ್ತದೆ ಹಾಗೆಯೇ ಹಿಡಿದಿರಬೇಕು. ನಿಪ್ಪಲನ್ನು ಮುಚ್ಚಿದ ಮೇಲೆ ಮಾತ್ರ “ಬಿಡು” ಎನ್ನಬೇಕು. ಆ ಮಾತು ಕಿವಿಗೆ ಬೀಳುವ ಮೊದಲು ಕಾಲೆತ್ತಿದರೆ ಹೊರಗಿನ ಗಾಳಿಯು ಒಳಕ್ಕೆ ಸೆಳೆಯಲ್ಪಟ್ಟು ಎಲ್ಲವನ್ನೂ ಮತ್ತೆ ಮಾಡಬೇಕಾಗುವುದು. ಸುಮ್ಮನೆ ಬೇಗಬೇಗ ತುಳಿಯುವುದೂ ತಪ್ಪು. ದೊಡ್ಡ ಗುಳ್ಳೆಯು ಒಡೆದು ಸಣ್ಣ ಸಣ್ಣವಾಗಿ ಎಣ್ಣೆಯಲ್ಲಿ ಬೆರೆತು ಹೊರಬರಲು ತಡವಾಗುವುದು.

ಐದಾರು ಸಲಕ್ಕೊಮ್ಮೆ ಮೇಲಿನ ಡಬ್ಬಿಯನ್ನು ನೋಡಿ, ಎಣ್ಣೆ ಕೆಳಗಿನ ಗೆರೆಗಿಂತ ಇಳಿಯದಂತೆ ತುಂಬುತ್ತಿರಬೇಕು. ನಳಿಗೆಯಲ್ಲಿ ಗುಳ್ಳೆಯಿಲ್ಲದೆ ತಿಳಿಯಾದ ಎಣ್ಣೆ ಬಂದಾಗ ಆ ಚಕ್ರ ಮುಗಿಯಿತು. ನಿಪ್ಪಲನ್ನು ಬಿಗಿಯುವಾಗ ಮಣಿಕಟ್ಟಿನ ಬಲವೇ ಸಾಕು, ತೋಳಿನ ಬಲ ಬೇಡ. ಕೊನೆಗೆ ಅದರ ರಬ್ಬರು ಟೊಪ್ಪಿಗೆಯನ್ನು ಮತ್ತೆ ಹಾಕಬೇಕು. ಅದಿಲ್ಲದೆ ಕೆಸರು ನೀರು ಸೇರಿ ಮುಂದಿನ ಸಲ ನಿಪ್ಪಲು ತುಕ್ಕು ಹಿಡಿದಿರುವುದು.

ರಸ್ತೆಗಿಳಿಯುವ ಮುನ್ನ

ಕೆಲಸ ಮುಗಿಯಿತೆಂದು ಹೇಳಬೇಕಾದುದು ಪೆಡಲು, ನಾವಲ್ಲ. ಮರದ ತುಂಡನ್ನು ತೆಗೆದು, ಇಂಜಿನ್ನು ಆರಿರುವಾಗಲೇ ಪೆಡಲನ್ನು ಕೆಲವು ಸಲ ತುಳಿದು, ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಅದು ಕಲ್ಲಿನ ಮೇಲೆ ಕಾಲಿಟ್ಟಂತೆ ನಿಂತರೆ ಸರಿ. ಮೆಲ್ಲನೆ ಇಳಿಯುತ್ತ ಹೋದರೆ ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರು ಕೆಟ್ಟಿದೆ. ಒತ್ತಿ ಹಿಡಿದಂತೆಯೇ ಇಂಜಿನ್ನನ್ನು ಚಾಲೂ ಮಾಡಿದಾಗ ಪೆಡಲು ಸ್ವಲ್ಪ ಇಳಿದು ನಿಲ್ಲುವುದು. ಬ್ರೇಕಿಗೆ ಸಹಾಯಮಾಡುವ ಬೂಸ್ಟರಿರುವ ಗಾಡಿಗಳಲ್ಲಿ ಇದು ಸಹಜ. ನಾಲ್ಕು ನಿಪ್ಪಲುಗಳ ಬುಡವನ್ನೂ ಒಣಬಟ್ಟೆಯಿಂದ ಒರಸಿ, ತೇವ ಬರುವುದೆ ಎಂದು ನೋಡಬೇಕು. ಅನಂತರ ಮನೆಯ ಅಂಗಳದಲ್ಲಿಯೇ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಿ, ಆಮೇಲೆ ಜನವಿಲ್ಲದ ಸಮರಸ್ತೆಗೆ ಹೋಗಬಹುದು. ಈ ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಅನುಮಾನ ಬಂದರೆ ಗಾಡಿಯನ್ನು ಅಲ್ಲಿಯೇ ಬಿಟ್ಟು ಮೆಕ್ಯಾನಿಕ್ಕನ್ನು ಮನೆಗೇ ಕರೆಸಬೇಕು.

ಕೆಲವು ಸಂದರ್ಭಗಳಲ್ಲಿ ಮೊದಲೇ ಕೈಹಾಕದಿರುವುದು ವಿವೇಕ. ಡಬ್ಬಿಯ ಎಣ್ಣೆ ವಾರವಾರಕ್ಕೂ ಕಡಿಮೆಯಾಗುತ್ತಿದ್ದರೆ, ಚಕ್ರದ ಒಳಬದಿ ಒದ್ದೆಯಾಗಿದ್ದರೆ, ರಬ್ಬರು ಕೊಳವೆಗಳು ಬಿರುಕುಬಿಟ್ಟಿದ್ದರೆ ಗಾಳಿ ತೆಗೆಯುವುದರಿಂದ ರೋಗ ಹೋಗದು, ಮೂಲವನ್ನೇ ಸರಿಪಡಿಸಬೇಕು. ಗಾಳಿ ಎಷ್ಟು ತೆಗೆದರೂ ಪೆಡಲು ಗಟ್ಟಿಯಾಗದಿದ್ದಲ್ಲಿ ನಿಪ್ಪಲು ಕ್ಯಾಲಿಪರಿನ ಮೇಲ್ಗಡೆ ಇದೆಯೆ ಎಂದು ನೋಡಬೇಕು. ಎಡಬಲದ ಕ್ಯಾಲಿಪರುಗಳನ್ನು ಅದಲುಬದಲಾಗಿ ಕೂಡಿಸಿಬಿಟ್ಟರೆ ಅದು ಕೆಳಗೆ ಬಂದು, ಮೇಲೆ ಸೇರಿದ ಗಾಳಿ ಎಂದೂ ಹೊರಡುವುದಿಲ್ಲ. ಚಕ್ರ ಜಾರದಂತೆ ತಡೆಯುವ ಎಬಿಎಸ್ ಎಂಬ ಏರ್ಪಾಡು ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಇಂತಹ ಗಾಡಿಗಳಲ್ಲಿ ಡಬ್ಬಿ ಬರಿದಾಗದಂತೆ ಎಚ್ಚರವಹಿಸಿ, ಕೈಪಿಡಿಯಲ್ಲಿ ಹೇಳಿದಂತೆ ಎಣ್ಣೆ ಬದಲಾಯಿಸಬಹುದು. ಆದರೆ ಅದರ ಪೆಟ್ಟಿಗೆಯೊಳಗೆ ಗಾಳಿ ಸೇರಿತೆಂದರೆ ಅನೇಕ ಗಾಡಿಗಳಲ್ಲಿ ಕಂಪ್ಯೂಟರ್ ಉಪಕರಣವಿಲ್ಲದೆ ಅದನ್ನು ಹೊರಡಿಸಲಾಗದು. ಆಗ ಗ್ಯಾರೇಜೇ ಗತಿ.

ಕಳೆದ ವರ್ಷ ನಾವು ಮತ್ತೆ ಅದೇ ಘಟ್ಟವನ್ನು ಇಳಿದೆವು. ಎರಡನೆಯ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದಿರುವಂತೆ ಮಾಡಿ, ಅವಶ್ಯವಾದಲ್ಲಿ ಮಾತ್ರ ಬ್ರೇಕನ್ನು ಉಪಯೋಗಿಸಿದೆನು. ಎಣ್ಣೆ ಎಷ್ಟು ಹೊಸತಾದರೂ ಈ ನಡೆಯನ್ನು ಬಿಡಬಾರದು. ಹಿಂದೆ ಗಾಡಿ ನಿಂತಿದ್ದ ಗುಡ್ಡದ ಬದಿಗೆ ಬಂದಾಗ ಮಗಳು, “ಅಪ್ಪ, ಈ ಸಲ ಪೆಡಲು ಹೇಗಿದೆ?” ಎಂದು ಕೇಳಿದಳು. “ನೀನು ಬಿಟ್ಟ ಹಾಗೆಯೇ ಇದೆ” ಎಂದೆನು.

ಸಾಮಾನು ಕೊಳ್ಳಲು ಹೊರಟಿರುವ ವಾಚಕರು ಮೊದಲು ತಮ್ಮ ಮನೆಯೊಳಗೆ ಒಮ್ಮೆ ನೋಡಲಿ. “ಒತ್ತು” ಎಂದರೆ ಒತ್ತಿ, “ಬಿಡು” ಎನ್ನುವವರೆಗೆ ಬಿಡದಿರುವ ಒಬ್ಬರು ಅಲ್ಲಿದ್ದರೆ, ಅಳತೆಗೆ ಸರಿಯಾದ ಒಂದು ಸ್ಪ್ಯಾನರು, ಒಂದು ತಿಳಿ ನಳಿಗೆ, ಒಂದು ಬಾಟಲಿ, ಮೊಹರು ಒಡೆಯದ ಎಣ್ಣೆ ಇಷ್ಟರಿಂದ ಕೆಲಸ ನಡೆಯುವುದು. ಉಳಿದ ಹಣದಲ್ಲಿ ಗಟ್ಟಿಯಾದ ಎರಡು ಸ್ಟ್ಯಾಂಡುಗಳನ್ನು ಕೊಳ್ಳಲಿ.